ಹಾಡು ಸುಶೀಲವ್ವಂದು

"ಸುಳ್ಳು! ಅಪ್ಪಟ ಸುಳ್ಳು!"

ಸ್ಕಾರ್‌ಬರೋದ ಆ ಶಾಲೆಯ ಆಡಿಟೋರಿಯಂನಲ್ಲಿ ಮುನ್ನೂರು ತಲೆಗಳು ಒಮ್ಮೆಲೇ ಹಿಂದಕ್ಕೆ ತಿರುಗಿದವು. ಅದು ಟೊರೊಂಟೊ ಕನ್ನಡಿಗರ ೨೦೧೭ರ ಯುಗಾದಿ ಕಾರ್ಯಕ್ರಮ. ವೇದಿಕೆಯ ಮೇಲೆ ಗಿಟಾರ್ ಹಿಡಿದ ಯುವಕ ಆಗಷ್ಟೇ ಹಾಡು ಮುಗಿಸಿ ಚಪ್ಪಾಳೆಗೆ ತಲೆಬಾಗಿದ್ದ. ಏಳನೇ ಸಾಲಿನಲ್ಲಿ ಇಳಕಲ್ ಸೀರೆಯುಟ್ಟ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. ಅವಳೇ ದೀಪಶ್ರೀ. ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು.

"ಏನು ಸುಳ್ಳು, ಮೇಡಂ?" ಯುವಕ ಮೈಕಿನಲ್ಲೇ ಕೇಳಿದ.

"ಹಾಡು ಟ್ರೆಡಿಷನಲ್ ಐತಿ, ಬರದವರು ಯಾರೂ ಇಲ್ಲ ಅಂದ್ರೆಲ್ಲ, ಅದು! ಹಾಡು ತಾನ ಹುಟ್ಟತೈತೇನ್ರಿ? ಫ್ರಂಟ್ ಯಾರ್ಡಿನ್ಯಾಗ ಏಳೂ ಡ್ಯಾಂಡಿಲಿಯನ್ ಕಸ ಏನದು?"

ಜನ ಗೊಳ್ಳೆಂದು ನಕ್ಕರು. ಪಕ್ಕದಲ್ಲಿದ್ದ ಅವಳ ತಾಯಿ ಸುಶೀಲವ್ವ ಮಾತ್ರ ನಗಲಿಲ್ಲ.

"ಕುಂದ್ರ ದೀಪಾ... ಕುಂದ್ರವಾ, ನಿನ್ನ ಕೈ ಮುಗೀತೀನಿ..."

ದೀಪಶ್ರೀ ಕೂರಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಹೊರಗೆ ನಡೆದೇಬಿಟ್ಟಳು.

ಪಾರ್ಕಿಂಗ್ ಲಾಟಿನಲ್ಲಿ ಆ ಯುವಕ ಓಡಿಬಂದು ಅವಳ ಮುಂದೆ ನಿಂತ.

"ನನ್ನ ಹೆಸರು ಮುಕುಂದ್. ಓಕ್‌ವಿಲ್‌ನಲ್ಲಿ ಕಾರ್ ಪ್ಲಾಂಟಲ್ಲಿ ಎಂಜಿನಿಯರ್. ನೀವು ಬೈದಿದ್ದು ಅರ್ಥ ಆಯ್ತು, ಯಾಕೆ ಬೈದ್ರಿ ಅನ್ನೋದು ಆಗ್ಲಿಲ್ಲ. ಹಾಡು ಬರೆದವರು ಯಾರು?"

'ನಾಟಕ ಮಾಡ್ತಾನ!' ಎಂದುಕೊಂಡಳು ದೀಪಶ್ರೀ. ಆದರೆ ಅವನ ಮುಖದಲ್ಲಿ ನಾಟಕವಿರಲಿಲ್ಲ.

"ನಮ್ಮವ್ವ," ಎಂದಳು. ಅಷ್ಟು ಹೇಳಿದ್ದೇ ತಡ, ಕಣ್ಣು ತುಂಬಿ ಬಂತು.

ಆ ಹಾಡಿನ ಕಥೆ ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಬಾರದಿದ್ದರೆ ನೀವು ದೇವರಂಥವರು ಬಿಡಿ!

ಧಾರವಾಡದ ಸುಶೀಲವ್ವ ಮದುವೆಯಾಗಿ ಟೊರೊಂಟೊಗೆ ಬಂದದ್ದು ೧೯೭೮ರಲ್ಲಿ. ಕೋಟು ಹೊಲಿಯುವ ಫ್ಯಾಕ್ಟರಿಯಲ್ಲಿ ಕೆಲಸ. ಗಂಡ ಮಡಿವಾಳಪ್ಪನದು ರಾತ್ರಿ ಪಾಳಿ, ಹೆಂಡತಿಯದು ಹಗಲು ಪಾಳಿ. ಒಬ್ಬರು ಬರುವಾಗ ಇನ್ನೊಬ್ಬರು ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದರು. ಮಾತಾಡಲೂ ಸಿಗದ ಗಂಡನನ್ನು ನೆನೆದು, ಹೊಲಿಗೆ ಯಂತ್ರದ ಮುಂದೆ ಕೂತು ಅವಳೊಂದು ಹಾಡು ಕಟ್ಟಿದಳು. ಪಕ್ಕದ ಯಂತ್ರದ ಲೊರೆಟ್ಟಾ ಭಾನುವಾರ ಚರ್ಚಿನಲ್ಲಿ ಹಾಡುವವಳು. "ಸೂ, ಇದಕ್ಕೆ ಇಂಗ್ಲಿಷ್ ಮಾತು ನಾನು ಹಾಕ್ತೀನಿ!" ಎಂದು ಹಟ ಹಿಡಿದಳು. ಹಾಗೆ ಹುಟ್ಟಿದ್ದು 'ಸ್ಲೋ ಆನ್ ಹಿಸ್ ನೇಮ್', ಅಂದರೆ 'ಅವನ ಹೆಸರು, ನಿಧಾನವಾಗಿ'. ಒಂದು ಸಣ್ಣ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು: ಲೊರೆಟ್ಟಾಳ ದನಿ, ಹಿಂದೆ ಸುಶೀಲವ್ವನ ಗುನುಗು. ೧೯೭೯ರ ಬೇಸಿಗೆಯಲ್ಲಿ ರೇಡಿಯೋ ಹಚ್ಚಿದರೆ ಅದೇ ಹಾಡು.

ಆಮೇಲೆ ಶುರುವಾಯಿತು ನೋಡಿ! ೮೬ರಲ್ಲಿ ಲಂಡನ್ನಿನ ಒಂದು ಬ್ಯಾಂಡು ಅದಕ್ಕೆ ಡಿಸ್ಕೊ ತಾಳ ಹಾಕಿ ಕುಣಿಸಿತು. ೯೮ರಲ್ಲಿ ಅಮೆರಿಕದ ಒಬ್ಬ ಗಾಯಕಿ ಅದನ್ನೇ ನಿಧಾನವಾಗಿ ಹಾಡಿ ಪ್ರಶಸ್ತಿ ಹೊಡೆದಳು. ಆಮೇಲೆ ಕಾಫಿ ಜಾಹೀರಾತು, ಲಿಫ್ಟು, ದಂತವೈದ್ಯರ ವೇಟಿಂಗ್ ರೂಮು... ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಎಲ್ಲ ಡಿಸ್ಕಿನ ಹಿಂದೆಯೂ ಒಂದೇ ಮಾತು: ಟ್ರೆಡಿಷನಲ್.

"ನಾ ಎಂಟ ವರ್ಷದಾಕಿ ಇದ್ದೆ," ಎಂದಳು ದೀಪಶ್ರೀ. "ಗ್ರೋಸರಿ ಸ್ಟೋರಿನ್ಯಾಗ ಈ ಹಾಡ ಬಂತು. ಅವ್ವ ಕ್ಯಾಬೇಜ್ ಹಿಡಕೊಂಡು ಹಂಗ ನಿಂತ್ಲು. 'ಇದು ನಂದ ಹಾಡವಾ... ಹೆಸರು ಬರೀಲಿಲ್ಲ ಅವರು,' ಅಂದ್ಲು. ಅವತ್ತಿಂದ ಹೊಟ್ಟಿ ಉರಿಯಾಕತ್ತೈತಿ ನಂಗ. ನಾ ನ್ಯೂಮಾರ್ಕೆಟ್ ಹಾಸ್ಪಿಟಲ್ ಲ್ಯಾಬಿನ್ಯಾಗ ಕೆಲಸ ಮಾಡ್ತೀನ್ರಿ. ಹೆಸರಿಲ್ಲದ ಸ್ಯಾಂಪಲ್ ಬಂದ್ರ ನಾವು ಮುಟ್ಟೂದಿಲ್ಲ, ವಾಪಸ್ ಕಳಿಸ್ತೀವಿ. ಇವರು ಹೆಸರಿಲ್ಲದ ಹಾಡು ತಗೊಂಡು ನಲವತ್ತ ವರ್ಷ ಹಾಡಾಕತ್ತಾರ!"

ಮುಕುಂದ್ ಜೇಬಿನಿಂದ ಫೋನ್ ತೆಗೆದ.

"ನಾನೂ ಅವರ ಸಾಲಲ್ಲೇ ನಿಂತೆ," ಎಂದ. "ಯೂಟ್ಯೂಬಿಂದ ನನ್ನ ಹಾಡು ಇವತ್ತೇ ತೆಗೀತೀನಿ. ಅಮ್ಮನ ಹೆಸರು ಹಾಕಿಸೋವರೆಗೂ ಮತ್ತೆ ಹಾಡಲ್ಲ. ಪ್ರಾಮಿಸ್."

ಅವನು ತೆಗೆದ. ನಾಲ್ಕು ಲಕ್ಷ ಜನ ನೋಡಿದ್ದ ವಿಡಿಯೋ! ದೀಪಶ್ರೀಯ ಸಿಟ್ಟು ಆವತ್ತು ಅರ್ಧ ಇಳಿಯಿತು. ಉಳಿದರ್ಧ ಅವಳ ಸ್ವಭಾವ, ಅದು ಎಲ್ಲಿಗೆ ಹೋಗಬೇಕು?

ಅಲ್ಲಿಂದ ಪ್ರತಿ ಶನಿವಾರ ಇಬ್ಬರೂ ಹಳೇ ರೆಕಾರ್ಡಿನ ಅಂಗಡಿಗಳನ್ನು ಸುತ್ತಿದರು. ಲೊರೆಟ್ಟಾ ತೀರಿಹೋಗಿದ್ದಳು, ಸ್ಟುಡಿಯೋ ಇದ್ದ ಜಾಗದಲ್ಲಿ ಟೈರಿನ ಅಂಗಡಿ ಇತ್ತು. ಮುಕುಂದ್ ಬಿಡಲಿಲ್ಲ, ಪತ್ರದ ಮೇಲೆ ಪತ್ರ ಬರೆದ. ಸುಶೀಲವ್ವನ ಅಡುಗೆಮನೆಯಲ್ಲಿ ಕೂತು ಜೋಳದ ರೊಟ್ಟಿ ತಿನ್ನುತ್ತಾ ಹಾಡಿನ ಪ್ರತಿ ತಿರುವನ್ನೂ ಅವಳಿಂದ ಕಲಿತ. ಮಡಿವಾಳಪ್ಪ ಮನೆಯಲ್ಲಿದ್ದಾಗ ಮಾತ್ರ ಸುಶೀಲವ್ವ ಆ ವಿಷಯ ಎತ್ತಗೊಡುತ್ತಿರಲಿಲ್ಲ. "ಅವರಿಗೆ ಇದೆಲ್ಲ ತಿಳಿಯೂದಿಲ್ಲ" ಎಂದು ತೇಲಿಸಿಬಿಡುತ್ತಿದ್ದಳು.

'ಇವ ಅಡಗಿ ಮನ್ಯಾಗ ಕುಂತ್ರ ಅದೆಷ್ಟ ಚಂದ ಕಾಣ್ತಾನ...' ಎಂದು ದೀಪಶ್ರೀ ಒಂದು ದಿನ ಅಂದುಕೊಂಡಳು. ತಕ್ಷಣ ತನ್ನ ಮೇಲೇ ರೇಗಿಕೊಂಡಳು.

೨೦೧೮ರ ಫೆಬ್ರವರಿಯಲ್ಲಿ ಅವಕಾಶ ಬಂತು. ಒಂದು ರೇಡಿಯೋದವರು 'ಒಂದು ಹಾಡಿನ ಚರಿತ್ರೆ' ಎಂಬ ಕಾರ್ಯಕ್ರಮದಲ್ಲಿ ಇದೇ ಹಾಡನ್ನು ಆರಿಸಿ, ಅದನ್ನು ತನ್ನ ಧಾಟಿಯಲ್ಲಿ ಹಾಡಿ 'ಕವರ್' ಮಾಡಿದ್ದ ಮುಕುಂದನನ್ನು ಕರೆದರು.

"ಅವ್ವನ ಹೆಸರು ಹೇಳ್ತೀರಲ್ಲ?"

"ಮೊದಲನೇ ವಾಕ್ಯವೇ ಅದು, ದೀಪಶ್ರೀ."

ಆ ಮಧ್ಯಾಹ್ನ ಲ್ಯಾಬಿನ ಊಟದ ಕೋಣೆಯಲ್ಲಿ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತಳು. ಲೊರೆಟ್ಟಾಳ ಹಾಡು ಬಂತು, ಡಿಸ್ಕೊ ಬಂತು, ಪ್ರಶಸ್ತಿಯ ಹಾಡೂ ಬಂತು. ಕೊನೆಗೆ ನಿರೂಪಕಿ ಕೇಳಿದಳು, "ಇದನ್ನು ಕಟ್ಟಿದವರು ಯಾರೆಂದು ನಿಮಗೆ ಗೊತ್ತಂತೆ?"

ದೀಪಶ್ರೀ ವಾಲ್ಯೂಮ್ ಏರಿಸಿದಳು.

"ಗೊತ್ತು..." ಮುಕುಂದನ ದನಿ ತಡವರಿಸಿತು. "ಆದರೆ ಹೆಸರು ಹೇಳಲಾರೆ. ಟ್ರೆಡಿಷನಲ್ ಅಲ್ಲ ಅಂತ ಮಾತ್ರ ಹೇಳಬಲ್ಲೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು! ದೀಪಶ್ರೀ ಊಟದ ಡಬ್ಬಿ ಮುಚ್ಚಿದ ಸದ್ದಿಗೆ ಕೋಣೆಯವರೆಲ್ಲ ಬೆಚ್ಚಿದರು. ಅರ್ಧ ದಿನ ರಜೆ ಹಾಕಿ, ಎರಡು ರೈಲು ಬದಲಿಸಿ, ಸಂಜೆ ಐದಕ್ಕೆ ಓಕ್‌ವಿಲ್ ಸ್ಟೇಷನ್ನಿನಲ್ಲಿ ಇಳಿದು ಅವನನ್ನು ಅಲ್ಲಿಗೇ ಕರೆಸಿದಳು.

"ಯಾರು ಬಾಯಿ ಮುಚ್ಚಿಸಿದ್ರು ನಿಮಗ? ಕಂಪನಿಯವರಾ?"

"ಇಲ್ಲ."

"ಮತ್ತ್ಯಾಕ ಹೇಳ್ಲಿಲ್ಲ?"

"ಒಬ್ಬರಿಗೆ ಮಾತು ಕೊಟ್ಟಿದ್ದೀನಿ."

"ನಂಗ ಕೊಟ್ಟಿದ್ದು ಮಾತಲ್ಲೇನು?" ಅವಳ ದನಿಗೆ ಪ್ಲಾಟ್‌ಫಾರ್ಮೇ ತಿರುಗಿ ನೋಡಿತು. "ನಲವತ್ತ ವರ್ಷದಾಗ ಒಂದ ಸಲ ಬಂದಿತ್ತು ಚಾನ್ಸು! ಒಂದ ಹೆಸರು! ನೀವೂ ಅವರಂಗ ಕಳ್ಳರು. ಅಲ್ಲ, ಕಳ್ಳರಿಗಾದ್ರೂ ಧೈರ್ಯ ಇರ್ತೈತಿ, ನೀವು ಹೇಡಿ!"

ಮುಕುಂದನ ಕಣ್ಣು ತೇವವಾಗಿದ್ದುದು ಅವಳಿಗೆ ಕಂಡಿತು. ಕಂಡರೂ ಅವಳು ರೈಲು ಹತ್ತಿಬಿಟ್ಟಳು.

ಆರು ವಾರ. ಅವನ ಒಂದು ಫೋನನ್ನೂ ಎತ್ತಲಿಲ್ಲ. ಲ್ಯಾಬಿನಲ್ಲಿ ಜಗಳ, ಮನೆಯಲ್ಲಿ ಜಗಳ, ಬಸ್ ಡ್ರೈವರ್ ಜೊತೆಗೂ ಜಗಳ!

ಒಂದು ಭಾನುವಾರ ಬೆಳಿಗ್ಗೆ ಸುಶೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಮಡಿವಾಳಪ್ಪ ಹಿಮ ಬಳಿಯುತ್ತಾ ಅದೇ ಹಾಡನ್ನು ಗುನುಗುತ್ತಿದ್ದ. ರೇಡಿಯೋದಲ್ಲಿ ಕೇಳಿ ಕೇಳಿ ಅವನಿಗದು ಬಾಯಿಪಾಠ. ಅದು ತನಗಾಗಿಯೇ ಕಟ್ಟಿದ್ದು ಎಂದು ಮಾತ್ರ ಗೊತ್ತಿರಲಿಲ್ಲ.

ಸುಶೀಲವ್ವನ ಕೈ ನಿಂತಿತು.

"ದೀಪಾ... ಆ ಹುಡುಗನ ಮ್ಯಾಲೆ ಸಿಟ್ಟ ಮಾಡಬ್ಯಾಡ. ಮಾತು ತಗೊಂಡಾಕಿ ನಾನ."

"ಏನು?!"

"ರೇಡಿಯೋದ ಹಿಂದಿನ ದಿನ ಅವಗ ಫೋನ್ ಮಾಡಿ ಅತ್ತಬಿಟ್ಟೆ. ನನ್ನ ಹೆಸರು ಹೇಳಬ್ಯಾಡ, ನನ್ನ ಮಗಳಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿದೆ."

ದೀಪಶ್ರೀ ಕುರ್ಚಿ ಎಳೆದು ಕೂತಳು. "ಯಾಕವ್ವ?"

"ನಿಮ್ಮಪ್ಪಗ ಓವರ್‌ಟೈಮ್ ಅಂತ ಸುಳ್ಳ ಹೇಳಿ ಸ್ಟುಡಿಯೋಕ್ಕ ಹೋಗಿದ್ನಿ. ಮನಿ ಹೆಣ್ಮಗಳು ಮಂದಿ ಮುಂದ ಹಾಡೂದು ಅವರಿಗೆ ಸೇರ್ತಿರ್ಲಿಲ್ಲ... ಇನ್ನೊಂದು ಐತಿ. ಹೆಸರು ಯಾರೂ ಕದ್ದಿಲ್ಲವಾ. ಹಾಡ ಮುಗದು ಲೊರೆಟ್ಟಾ ಹೋದ ಮ್ಯಾಲೆ ಅಲ್ಲಿ ಗುಮಾಸ್ತ ಫಾರಂ ಹಿಡಕೊಂಡು ಕೇಳಿದ. ಸುಶೀಲಾ ಅಂದೆ. ಲಾಸ್ಟ್ ನೇಮ್ ಅಂದ. ಪಾಸ್‌ಪೋರ್ಟಿನ್ಯಾಗ ನನ್ನ ಲಾಸ್ಟ್ ನೇಮು ಅಂದ್ರ ನಿಮ್ಮಪ್ಪನ ಹೆಸರ! ಗಂಡನ ಹೆಸರು ಹೆಂಗ ಹೇಳ್ಲಿ? ನಮ್ಮವ್ವ ಹೇಳಿಲ್ಲ, ನಮ್ಮತ್ತಿ ಹೇಳಿಲ್ಲ. ಮದುವ್ಯಾಗ ಪ್ರಾಸದಾಗ ಹೆಸರು ಸೇರಿಸಿ ಒಡಪು ಕಟ್ಟಿ ಒಂದ ಸಲ ಹೇಳಿದ್ದ ಕಡೀ. ಸುಮ್ಮನ ನಿಂತೆ. ಮೂರ ಸಲ ಕೇಳಿದ. ಹೆಸರು ಹೇಳದ ಹಾಡು ಅಂದ್ರ ಟ್ರೆಡಿಷನಲ್ಲ ಇರಬೇಕು ಅಂತ ಬರದಬಿಟ್ಟ."

ದೀಪಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಂದದ್ದು ಸಿಟ್ಟು.

"ಅಂದ್ರ ನಾ ಇಷ್ಟ ವರ್ಷ ಲಂಡನ್ನಿನವರನ್ನ, ಅಮೆರಿಕಾದವರನ್ನ ಬೈಕೊಂತ ತಿರಗೀನಿ! ಅವ್ವಾ, ಅಪ್ಪನ ಮ್ಯಾಲೆ ಇಡೀ ಹಾಡ ಕಟ್ಟೀದಿ, ಅಪ್ಪನ ಹೆಸರ ಹೇಳಾಕ ಬರ್ಲಿಲ್ಲೇನ ನಿಂಗ? ಹೆಂಡ್ತಿ ಹೆಸರು ಇಡೀ ಊರ ಮುಂದ ಕೂಗ್ತಾರಲ್ಲ ಗಂಡಸರು, ಅವರ ಆಯುಷ್ಯ ಯಾಕ ಕಡಿಮಿ ಆಗೂದಿಲ್ಲ? ಆ ಗುಮಾಸ್ತಗೂ ಸುಶೀಲಾ ಅಂತ ಒಂದ ಶಬ್ದ ಸಾಕಿತ್ತು. ಅದನ್ನೂ ಬರೀಲಿಲ್ಲಲ್ಲ ಭಾಡ್ಯಾ!"

ಬೈದು ಬೈದು ಸುಸ್ತಾಗಿ ತಾಯಿಯ ಹಿಟ್ಟು ಮೆತ್ತಿದ ಕೈಗಳಲ್ಲಿ ಮುಖವಿಟ್ಟು ಅತ್ತಳು. 'ಪಾಪ, ಮುಕುಂದ್... ಅಷ್ಟ ಮಂದಿ ಮುಂದ ಹೇಡಿ ಅಂದ್ನೆಲ್ಲ ನಾನು!'

"ನಾ ಹೇಳ್ಲೇನ?" ಸುಶೀಲವ್ವ ಮೆಲ್ಲಗೆ ಕೇಳಿದಳು. "ಈಗ ಹೇಳಿದ್ರ ನಡೀತೈತೇನ?"

ಮೇ ತಿಂಗಳ ಒಂದು ಮಧ್ಯಾಹ್ನ ರೇಡಿಯೋದವರು ಸ್ಕಾರ್‌ಬರೋದ ಲೈಬ್ರರಿ ಹಾಲಿನಲ್ಲಿ ಆ ಹಾಡಿನ ಕವರುಗಳನ್ನೆಲ್ಲ ಒಂದೇ ವೇದಿಕೆಗೆ ತಂದಿದ್ದರು. ಸುಶೀಲವ್ವ ತಾನೇ ಫೋನ್ ಮಾಡಿ ಮುಕುಂದನನ್ನು ಆಣೆಯಿಂದ ಬಿಡಿಸಿದ್ದಳು. ಕೊನೆಯ ಹಾಡು ಅವನದು. ಅವನು ಗಿಟಾರ್ ಮುಟ್ಟುವ ಮೊದಲು ಅವಳು ಎದ್ದು ವೇದಿಕೆ ಹತ್ತಿದಳು. ಮೂರನೇ ಸಾಲಿನಲ್ಲಿದ್ದ ಮಡಿವಾಳಪ್ಪ ಗಾಬರಿಯಾದ. "ಎಲ್ಲಿ ಹೊಂಟೀಯ?"

ಸುಶೀಲವ್ವ ಮೈಕಿನ ಮುಂದೆ ಕಣ್ಣು ಮುಚ್ಚಿ ಆ ಗುನುಗನ್ನು ಶುರು ಮಾಡಿದಳು. ಅರವತ್ತು ದಾಟಿದ ದನಿ, ಆದರೂ ರೆಕಾರ್ಡಿನಲ್ಲಿದ್ದ ಅದೇ ದನಿ!

ನಿರೂಪಕಿ ಓಡಿಬಂದಳು. "ಮ್ಯಾಮ್, ಯುವರ್ ನೇಮ್?"

"ಸುಶೀಲಾ."

"ಲಾಸ್ಟ್ ನೇಮ್?"

ಸುಶೀಲವ್ವ ಗಂಡನ ಕಡೆ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನೆರವಾಗಲು ದೀಪಶ್ರೀ ಎದ್ದಳು, ವೇದಿಕೆಯ ಮೇಲಿಂದ ಮುಕುಂದ್ ಬೇಡವೆಂದು ತಲೆಯಾಡಿಸಿದ. ಅವಳು ಕೂತಳು.

"ಮಡಿವಾಳಪ್ಪ," ಎಂದಳು ಸುಶೀಲವ್ವ. "ಸುಶೀಲಾ ಮಡಿವಾಳಪ್ಪ. ಹಾಡ ನಂದು. ಬರಕೋ."

ಮಡಿವಾಳಪ್ಪ ನಿಧಾನವಾಗಿ ಎದ್ದು ನಿಂತ.

"ನಂಗ್ಯಾಕ ಹೇಳ್ಲಿಲ್ಲ ನೀನು?"

"ಹೇಳಿದ್ರ ನೀವು ಕೇಳೂವಂಗ ಇದ್ರೇನು?"

ಅವನು ತಲೆ ತಗ್ಗಿಸಿದ. "ಇಲ್ಲ... ಇರ್ಲಿಲ್ಲ," ಎಂದ. "ತಪ್ಪಾತು, ಸುಶೀಲಾ. ಇನ್ನೊಮ್ಮೆ ಹಾಡ. ನನ್ನ ಮುಂದ ಹಾಡ."

ಅವಳು ಹಾಡಿದಳು. ಮುಕುಂದನ ಗಿಟಾರ್ ಅವಳ ಹಿಂದೆ ಮೆಲ್ಲಗೆ ನಡೆಯಿತು.

ಕಾರ್ಯಕ್ರಮ ಮುಗಿದ ಮೇಲೆ ಲೈಬ್ರರಿಯ ಮೆಟ್ಟಿಲ ಬಳಿ ದೀಪಶ್ರೀ ಅವನನ್ನು ಹಿಡಿದಳು.

"ಕಳ್ಳ ಅಂದಿದ್ನೆಲ್ಲ, ಅದನ್ನ ವಾಪಸ್ ತಗೋತೀನ್ರಿ."

"ಹೇಡಿ ಅಂತಲೂ ಅಂದಿದ್ರಿ."

"ಅದನ್ನೂ... ಸ್ಟೇಷನ್ನಿನ್ಯಾಗ ಯಾಕ ಸುಮ್ಮನ ನಿಂತ್ರಿ? ಒಂದ ಮಾತು ಹೇಳಬಾರ್ದಿತ್ತೇನು?"

"ಹೇಳಿದ್ರೆ ಅಮ್ಮನ ಮೇಲೆ ಸಿಟ್ಟಾಗ್ತಿದ್ರಿ. ನನ್ನ ಮೇಲಾದ್ರೆ ತಡ್ಕೊಬಹುದು ಅನ್ನಿಸ್ತು. ತಡ್ಕೊಳ್ಳೋಕೆ ಆಗ್ಲಿಲ್ಲ, ಅದು ಬೇರೆ ಮಾತು."

ದೀಪಶ್ರೀಯ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಒರೆಸಿಕೊಳ್ಳಲೂ ಇಲ್ಲ ಅವಳು.

"ನಂಗ ಇನ್ನೂ ಸಿಟ್ಟೈತಿ ನಿಮ್ಮ ಮ್ಯಾಲೆ."

"ಮತ್ತೇನಾಯ್ತು?"

"ವರ್ಷ ಮ್ಯಾಲಾತು. ಒಂದ ಸಲನಾದ್ರೂ ಪ್ರೀತಿ ಐತಿ ಅಂತ ಹೇಳೀರೇನು?"

"ನೀವು ಮಾತಾಡೋಕೆ ಬಿಟ್ರೆ ತಾನೇ!"

"ಈಗ ಬಿಟ್ಟೀನಿ. ಹೇಳ್ರಿ."

"ನಿಮ್ಮನ್ನ ತುಂಬಾ ಪ್ರೀತಿಸ್ತೀನಿ, ದೀಪಶ್ರೀ."

"ನಾನೂ..." ಅವಳು ಅವನ ತೋಳು ಗಟ್ಟಿಯಾಗಿ ಹಿಡಿದಳು. "ನಡೀರಿ, ಅಪ್ಪ ಅಲ್ಲೇ ಕಾರಿನ ಹತ್ರ ನಿಂತಾನ."

"ಈಗಲೇನಾ? ಇವತ್ತು ಅವರಿಗೆ ಒಂದು ಶಾಕ್ ಆಗಿದೆ..."

"ಈಗಲೇ. ನಮ್ಮನ್ಯಾಗ ಮುಚ್ಚಿಟ್ಟಿದ್ದು ಸಾಕು."