ಹಸಿರು ಚೀಟಿಯವನು

"ಸರ್, ಒಂದು ನಿಮಿಷ! ಒಂದೇ ಒಂದು ನಿಮಿಷ ಕೊಡಿ, ಸಾಕು!"

ಗುಂಪಿನ ನಡುವೆ ತೂರಿಕೊಂಡು ಬಂದವಳು ಅಷ್ಟು ಹೇಳುವಷ್ಟರಲ್ಲಿ ಅವನ ಕಾಲನ್ನು ತುಳಿದೇಬಿಟ್ಟಿದ್ದಳು. ಅದೂ ಅಕ್ಕನಿಂದ ಎರವಲು ತಂದ ಹೈಹೀಲ್ಸ್‌ನಲ್ಲಿ!

"ಅಯ್ಯೋ... ಸಾರಿ ಸರ್! ನೋವಾಯ್ತಾ?"

"ಪರವಾಗಿಲ್ಲ ಬಿಡಿ," ಅವನು ಹಲ್ಲು ಕಚ್ಚಿಕೊಂಡೇ ನಕ್ಕ. "ಇನ್ನೊಂದು ಕಾಲಿದೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗುವಷ್ಟು ವ್ಯವಧಾನವೂ ಇರಲಿಲ್ಲ ಎನ್ನಿ. ಅವಳ ಕಣ್ಣೆಲ್ಲ ಅವನ ಎದೆಯ ಮೇಲೆ ಅಂಟಿಸಿದ್ದ ಹಸಿರು ಚೀಟಿಯ ಮೇಲಿತ್ತು.

ಅದು ಸಾಫ್ಟ್‌ವೇರ್ ಕಂಪನಿಗಳವರೂ ಕೆಲಸ ಹುಡುಕುವವರೂ ಒಂದೆಡೆ ಸೇರಿ ಪರಿಚಯ ಮಾಡಿಕೊಳ್ಳುವ ಕೂಟ. ನೆಟ್‌ವರ್ಕಿಂಗ್ ಎಂದು ಅದಕ್ಕೊಂದು ದೊಡ್ಡ ಹೆಸರು. ಬಾಗಿಲಲ್ಲೇ ಎರಡು ಬುಟ್ಟಿ ಇಟ್ಟಿದ್ದರು. ಕೆಲಸ ಕೊಡುವವರು ಹಸಿರು ಚೀಟಿ ಅಂಟಿಸಿಕೊಳ್ಳಬೇಕು, ಕೆಲಸ ಬೇಕಾದವರು ಕೆಂಪು. ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ಕೆಂಪೇ! ಹಸಿರು ಚೀಟಿಯವರು ಬೆರಳೆಣಿಕೆಯಷ್ಟು. ಅವರಲ್ಲಿ ಇವನೊಬ್ಬ. ಜನ ತುರುಕಿದ ವಿಸಿಟಿಂಗ್ ಕಾರ್ಡುಗಳಿಂದ ಅವನ ಜೇಬು ಆಗಲೇ ಉಬ್ಬಿಕೊಂಡಿತ್ತು.

ಅವಳು ಕೆಲಸ ಕಳೆದುಕೊಂಡು ತಿಂಗಳುಗಳೇ ಆಗಿದ್ದವು. ಅಕ್ಕ-ಭಾವನ ಮನೆಯ ಸೋಫಾ ಅವಳ ಹಾಸಿಗೆಯಾಗಿತ್ತು. ಭಾವ ಒಂದು ಮಾತೂ ಆಡುತ್ತಿರಲಿಲ್ಲ. ಆಡದೇ ಇದ್ದದ್ದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು. ಇವತ್ತು ಯಾರನ್ನಾದರೂ ಹಿಡಿಯಲೇಬೇಕು ಎಂದು ಪಣ ತೊಟ್ಟು ಬಂದಿದ್ದಳು.

"ಮೇಡಂ, ನಾನು..."

"ನಡುವೆ ಬಾಯಿ ಹಾಕ್ಬೇಡಿ ಸರ್, ಪ್ಲೀಸ್! ಹೇಳ್ಬೇಕಾಗಿರೋದು ಮರ್ತುಹೋಗುತ್ತೆ. ಕಂಪನಿ ಆಪ್ ಮಾಡುತ್ತಲ್ಲ, ಅದನ್ನ ಎಲ್ಲರೂ ಬಳಸೋಕಾಗುತ್ತಾ ಅಂತ ನೋಡೋದು ನನ್ನ ಕೆಲಸ. ಕಣ್ಣು ಮಂಜಾದವರು, ಕೈ ನಡುಗೋರು, ಬಣ್ಣ ಗೊತ್ತಾಗದವರು... ಎಲ್ಲರೂ! ನಮ್ಮ ಕಂಪನಿಯವರು ಇಡೀ ತಂಡಾನೇ ಕೆಲಸದಿಂದ ತೆಗೆದ್ರು. 'ಅಂಥವರು ಎಷ್ಟು ಜನ ಇರ್ತಾರೆ' ಅಂತ ಕೇಳಿದ್ರು ಸರ್. ಅಂಥವರು ಅಂತೆ!"

ಅವನ ಮುಖದ ನಗು ಮಾಯವಾಯಿತು. "ನೀವೇನಂದ್ರಿ?"

"ಒಬ್ಬರಿದ್ರೂ ಸಾಕು ಅಂದೆ. ಅದಕ್ಕೇ ಎಲ್ಲರಿಗಿಂತ ಮೊದಲು ನನ್ನನ್ನೇ ಕಳಿಸಿದ್ರು."

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವಳ ಬಾಯಿ ಕಟ್ಟೆ ಒಡೆದ ಕೆರೆ! ರೋಗಿಗಳಿಗೆ ಮಾತ್ರೆ ನೆನಪಿಸುವ ಆಪ್ ಮಾಡುವ ಕಂಪನಿಯಲ್ಲಿ ಒಂದು ಕೆಲಸ ಖಾಲಿಯಿದೆ, ಅಲ್ಲಿಗೂ ಅರ್ಜಿ ಹಾಕಿದ್ದೇನೆ, ಇಂಟರ್ವ್ಯೂನಲ್ಲಿ ಇಂತಿಂಥದ್ದು ಹೇಳಬೇಕೆಂದಿದ್ದೇನೆ... ಎಲ್ಲವನ್ನೂ ಒಪ್ಪಿಸಿಬಿಟ್ಟಳು. ಅವನು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಅವಳು ಕೈ ಅಡ್ಡ ಹಿಡಿದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಎಲ್ಲರೂ ಜಾಗ ಬದಲಿಸಬೇಕೆಂದು ಮೈಕಿನಲ್ಲಿ ಕೂಗಿದರು. ಜನರ ನೂಕುನುಗ್ಗಲಲ್ಲಿ ಅವನು ಹಿಂದೆ ಸರಿಯುತ್ತಾ ಹೇಳಿದ, "ನಿಮ್ಮಂಥವರೂ ಇದಾರೆ ಅಂತ ನನಗೆ ಗೊತ್ತಿರ್ಲಿಲ್ಲ..."

ಆ ದನಿಯಲ್ಲಿ ಏನೋ ಇತ್ತು. ಮನೆ ಮುಟ್ಟುವವರೆಗೂ ಅದು ಅವಳ ಕಿವಿಯಲ್ಲೇ ಇತ್ತು.

"ಕೆಲಸ ಕೊಡೋನು ಏನಂದ ಅಂತ ಕೇಳಿದ್ರೆ, ಅವನ ಕಣ್ಣು ಹೇಗಿತ್ತು ಅಂತ ಹೇಳ್ತಿದೀಯಲ್ಲೇ ಪುಟ್ಟಿ!" ಅಕ್ಕ ಛೇಡಿಸಿದಳು.

"ಹೋಗೇ! ನಾನೇನೂ ಹಾಗೆ ಹೇಳ್ಲಿಲ್ಲ."

"ಹೇಳ್ದೆ. ಎರಡು ಸಲ ಹೇಳ್ದೆ."

ಮಾತ್ರೆ ಆಪ್‌ನ ಕಂಪನಿಯಿಂದ ಇಂಟರ್ವ್ಯೂಗೆ ಕರೆ ಬಂದಾಗ ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಆ ಆಫೀಸಿನ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದವಳು ನಿಂತಲ್ಲೇ ನಿಂತಳು.

ಕಾಯುವವರ ಕುರ್ಚಿಯಲ್ಲಿ ಅವನು ಕೂತಿದ್ದ! ಕೈಯಲ್ಲಿ ರೆಸ್ಯೂಮೆಯ ಫೈಲು!

"ನೀವು... ನೀವಿಲ್ಲಿ?"

ಅವನು ಎದ್ದು ನಿಂತ. ಮುಖ ಬಿಳಿಚಿಕೊಂಡಿತು. "ನಾನೂ ಇಂಟರ್ವ್ಯೂಗೇ ಬಂದಿದ್ದೀನಿ. ಇಲ್ಲಿಗೆ ನಾನೂ ಅರ್ಜಿ ಹಾಕಿದ್ದೆ, ಅವತ್ತೇ ಹೇಳೋಣ ಅಂತ..."

ಅವಳ ಮೈಯೆಲ್ಲ ಉರಿದುಹೋಯಿತು. "ಕೆಲಸ ಹುಡುಕೋನು ಹಸಿರು ಚೀಟಿ ಅಂಟಿಸ್ಕೊಂಡು ಓಡಾಡಿದ್ರಾ? ದೊಡ್ಡ ಬಾಸ್ ಥರ ನಿಂತ್ಕೊಂಡು ನನ್ನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಸಿದ್ರಿ! ನಾನು ಏನು ಹೇಳ್ಬೇಕು ಅಂತಿದ್ದೆ ಅನ್ನೋದು ಕೂಡ! ನಾಚಿಕೆ ಆಗಲ್ವಾ ನಿಮಗೆ?"

ಅವನು ಏನೋ ಹೇಳಲು ಹೊರಟ. ಅದೇ ಹೊತ್ತಿಗೆ ಕಂಪನಿಯ ಮ್ಯಾನೇಜರ್ ಮೇಡಂ ಬಾಗಿಲು ತೆರೆದು ಹೊರಬಂದರು. ಅವನು ಒಮ್ಮೆ ಅವರತ್ತ, ಒಮ್ಮೆ ಇವಳತ್ತ ನೋಡಿ ಮಾತು ಬದಲಿಸಿದ.

"ತಪ್ಪಾಯ್ತು," ಎಂದ. ಅಷ್ಟೇ.

'ಅಷ್ಟೇನಾ? ಒಂದು ಸಬೂಬು ಕೂಡ ಇಲ್ವಾ?' ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಇಷ್ಟು ದಿನ ಆ ಕಣ್ಣುಗಳನ್ನು ನೆನೆಸಿಕೊಂಡಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಮೇಡಂ ಚುರುಕಿನ ಹೆಂಗಸು. ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದು ಒಂದೇ ಮೇಜಿಗೆ ಕೂರಿಸಿದರು. "ಇರೋದು ಒಂದೇ ಕುರ್ಚಿ, ಸ್ಕ್ರೀನ್ ಮಾಡೋದೂ ಪರೀಕ್ಷೆ ಮಾಡೋದೂ ಅದೇ ಕೆಲಸ. ಕೊನೇ ಸುತ್ತಿಗೆ ಬಂದಿರೋರು ನೀವಿಬ್ಬರೇ. ಸುತ್ತಿಬಳಸೋದು ಬೇಡ, ಕೆಲಸಾನೇ ನೋಡೋಣ," ಎಂದು ಒಂದು ಟ್ಯಾಬ್ಲೆಟ್ಟನ್ನು ಅವನ ಮುಂದೆ ಸರಿಸಿದರು.

ತೆರೆಯ ಮೇಲೆ ಎರಡು ದುಂಡನೆಯ ಗುಂಡಿಗಳು. ಒಂದು ಹಸಿರು, ಒಂದು ಕೆಂಪು.

"ಹಸಿರು ಒತ್ತಿದ್ರೆ ಮಾತ್ರೆ ತಗೊಂಡೆ ಅಂತ. ಕೆಂಪು ಒತ್ತಿದ್ರೆ ಡಾಕ್ಟರಿಗೆ ಫೋನ್ ಹೋಗುತ್ತೆ. ನೀವೇ ರೋಗಿ, ಎದೆನೋವು ಬಂದಿದೆ ಅಂದ್ಕೊಳ್ಳಿ. ಡಾಕ್ಟರನ್ನ ಕರೀರಿ ನೋಡೋಣ."

ಅವನು ಬೆರಳು ಚಾಚಿದ. ಆದರೆ ಬೆರಳು ತೆರೆಯನ್ನು ಮುಟ್ಟಲಿಲ್ಲ. ಎಡಕ್ಕೆ ಹೋಯಿತು... ಬಲಕ್ಕೆ ಬಂತು... ಮತ್ತೆ ಎಡಕ್ಕೆ. ಅವನ ಹಣೆಯಲ್ಲಿ ಬೆವರು ಮೂಡಿತು.

ಅವಳು ಆ ಬೆರಳನ್ನೇ ನೋಡುತ್ತಿದ್ದಳು.

'ಇವನಿಗೆ ಗೊತ್ತಾಗ್ತಿಲ್ಲ! ಯಾವುದು ಕೆಂಪು, ಯಾವುದು ಹಸಿರು ಅಂತ ಇವನಿಗೆ ಗೊತ್ತೇ ಆಗ್ತಿಲ್ಲ! ಹಾಗಾದ್ರೆ ಆ ಚೀಟಿ... ಅಯ್ಯೋ, ದೇವರೇ!'

ಬುಟ್ಟಿಯ ಮೇಲೆ ಒಂದಕ್ಷರ ಬರೆದಿರಲಿಲ್ಲ. ಚೀಟಿಯ ಮೇಲೂ ಇರಲಿಲ್ಲ. ಬರೀ ಬಣ್ಣ. ಇಂಥದ್ದೇ ತಪ್ಪನ್ನು ಹುಡುಕಿ ಹುಡುಕಿ ಹೇಳುವುದೇ ಅವಳ ಕಸುಬು. ಆ ದಿನ ಆ ಬುಟ್ಟಿಗಳ ಮುಂದೆಯೇ ನಿಂತಿದ್ದಳು, ಅವಳ ಕಣ್ಣಿಗೇ ಬೀಳಲಿಲ್ಲ! ಅವಳು ಯಾರ ಪರವಾಗಿ ಜಗಳವಾಡಿ ಕೆಲಸ ಕಳೆದುಕೊಂಡಳೋ, ಅಂಥವನೇ ಎದುರಿಗೆ ಬಂದಾಗ ಮೋಸಗಾರ ಎಂದು ಮುಖಕ್ಕೆ ಹೊಡೆದಂತೆ ಅಂದುಬಿಟ್ಟಿದ್ದಳು.

ಸುಮ್ಮನೆ ಕೂತಿದ್ದರೆ ಸಾಕಿತ್ತು. ಅವನು ತಪ್ಪು ಗುಂಡಿ ಒತ್ತುತ್ತಿದ್ದ, ಕುರ್ಚಿ ಅವಳದಾಗುತ್ತಿತ್ತು. ಅಕ್ಕನ ಮನೆಯ ಸೋಫಾ ಕಣ್ಣ ಮುಂದೆ ಬಂದು ಹೋಯಿತು. ಆದರೂ ಅವಳಿಗೆ ಸುಮ್ಮನಿರಲಾಗಲಿಲ್ಲ.

"ಮೇಡಂ, ಅವರನ್ನ ಕೇಳಿ ಪ್ರಯೋಜನ ಇಲ್ಲ. ಈ ಪೇಜಲ್ಲಿ ಅಕ್ಷರಾನೇ ಇಲ್ಲ! ಎದೆನೋವು ಬಂದೋನು ಬಣ್ಣ ನೋಡ್ಕೊಂಡು ಕೂರ್ತಾನಾ? ತಪ್ಪು ಪೇಜಿಂದು, ಒತ್ತೋರದ್ದಲ್ಲ."

ಮೇಡಂ ಹುಬ್ಬೇರಿಸಿದರು. ಅವನು ನಿಧಾನವಾಗಿ ಕೈ ಹಿಂದೆಗೆದುಕೊಂಡ.

"ಇವರು ನನ್ನ ಮಾನ ಉಳಿಸ್ತಿದಾರೆ ಮೇಡಂ," ಎಂದ. "ನನಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತೆ. ಹುಟ್ಟಿದಾಗಿನಿಂದ. ಆಪ್‌ಗೆ ಸ್ಕ್ರೀನ್ ಡಿಸೈನ್ ಮಾಡೋನಿಗೆ ಬಣ್ಣ ಗೊತ್ತಿಲ್ಲ ಅಂದ್ರೆ ಯಾರು ಕೆಲಸ ಕೊಡ್ತಾರೆ? ಅದಕ್ಕೇ ಎಲ್ಲೂ ಬಾಯಿ ಬಿಟ್ಟಿರ್ಲಿಲ್ಲ. ಇವತ್ತು ಹೇಳ್ಬಿಡ್ತೀನಿ. ಇವರು ಹೇಳಿದ್ದೇ ಸರಿ."

ಅವಳಿಗೆ ತಲೆಯೆತ್ತಿ ಅವನನ್ನು ನೋಡುವ ಧೈರ್ಯವಾಗಲಿಲ್ಲ.

ಮೇಡಂ ಅವಳೊಬ್ಬಳನ್ನೇ ಇನ್ನಷ್ಟು ಹೊತ್ತು ಕೂರಿಸಿಕೊಂಡು ಮಾತಾಡಿದರು. ಹೊರಗೆ ಓಡಿ ಬಂದು ನೋಡಿದರೆ ಅವನು ಕೂತಿದ್ದ ಕುರ್ಚಿ ಖಾಲಿಯಾಗಿತ್ತು.

ಕೆಲಸ ಅವಳಿಗೇ ಸಿಕ್ಕಿತು. ಅಕ್ಕ ಕುಣಿದಾಡಿದಳು. ಭಾವ ನಾಲ್ಕು ಮಾತಾಡಿದರು, ನಾಲ್ಕೂ ಒಳ್ಳೆಯವೇ. ಅವಳಿಗೆ ಮಾತ್ರ ಒಂದು ಕಡೆ ನಿಲ್ಲಲಾಗಲಿಲ್ಲ, ಕೂರಲಾಗಲಿಲ್ಲ. ಅವನ ಕೈಯಿಂದ ಕಿತ್ತುಕೊಂಡು ಬಂದಂತೆ ಅನಿಸುತ್ತಿತ್ತು. ಒಂದು ಕ್ಷಮೆ ಕೇಳಬೇಕು. ಬರೀ ಕ್ಷಮೆಯಾ? ಅದನ್ನು ಅವಳೇ ತನಗೆ ತಾನು ಒಪ್ಪಿಕೊಳ್ಳುತ್ತಿರಲಿಲ್ಲ.

ಮೇಡಂ ಕರೆದಾಗ ಕೇಳಿದ ಹೆಸರು ಬಿಟ್ಟರೆ ಫೋನ್ ನಂಬರ್ ಇರಲಿಲ್ಲ. ಉದ್ಯೋಗಸ್ಥರ ಜಾಲತಾಣದಲ್ಲಿ ತಡಕಾಡಿ ಅವನ ಪುಟ ಹುಡುಕಿದಳು. ಏನು ಬರೆಯುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಬೆರಳು ತಾಗಿ ಬಳಗಕ್ಕೆ ಸೇರಿಸುವ ಕೋರಿಕೆ ಹೋಗಿಯೇಬಿಟ್ಟಿತು. ಅದರ ಜೊತೆಗೆ ಜಾಲತಾಣದವರೇ ಬರೆದಿಟ್ಟ ಸಾಲು: 'ನಿಮ್ಮನ್ನು ನನ್ನ ವೃತ್ತಿ ಬಳಗಕ್ಕೆ ಸೇರಿಸಿಕೊಳ್ಳಲು ಇಚ್ಛಿಸುತ್ತೇನೆ.'

"ಥೂ! ಬ್ಯಾಂಕಿನವರು ಸಾಲ ಬೇಕಾ ಅಂತ ಕೇಳಿದ ಹಾಗಿದೆಯಲ್ಲೇ!" ಅಕ್ಕ ಬಿದ್ದು ಬಿದ್ದು ನಕ್ಕಳು.

ಕೋರಿಕೆಗೆ ಉತ್ತರ ಬರಲಿಲ್ಲ. 'ಬಾಕಿ ಇದೆ' ಎಂದೇ ತೋರಿಸುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ನೋಡಿದರೂ ಬಾಕಿ. ಮೀಟಿಂಗಿನಲ್ಲಿ ಮೇಜಿನ ಕೆಳಗೆ ಕದ್ದು ನೋಡಿದರೂ ಬಾಕಿ. ಹೊಸ ಆಫೀಸಿನವರು ಏನೋ ಕೇಳಿದರೆ ಇವಳು ಇನ್ನೇನೋ ಹೇಳುತ್ತಿದ್ದಳು.

'ಕೋಪ ಇರುತ್ತೆ ಬಿಡು. ಅಷ್ಟೆಲ್ಲ ಅಂದಿದ್ದೀನಿ... ಕೆಲಸಾನೂ ಕಿತ್ಕೊಂಡಿದ್ದೀನಿ... ನನ್ನ ಮುಖ ನೋಡೋಕೂ ಇಷ್ಟ ಇಲ್ಲ ಅವನಿಗೆ.'

ಕೊನೆಗೊಂದು ದಿನ ಅವಳಿಗೆ ತಡೆಯಲಾಗಲಿಲ್ಲ. ಅವನ ಪುಟದಲ್ಲಿ ಒಂದು ಹಾಲ್‌ನ ವಿಳಾಸವಿತ್ತು. ಕಂಪನಿ ಇಲ್ಲದವರು ಒಂದೊಂದು ಮೇಜು ಬಾಡಿಗೆಗೆ ಹಿಡಿದು ಕೆಲಸ ಮಾಡುವ ಜಾಗ. ಊಟದ ಬಿಡುವಿನಲ್ಲಿ ಊಟ ಬಿಟ್ಟು ಅಲ್ಲಿಗೇ ಹೋದಳು.

ಕಿಟಕಿಯ ಪಕ್ಕದ ಮೇಜಿನಲ್ಲಿ ಅವನಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದ.

"ನನ್ನ ರಿಕ್ವೆಸ್ಟ್ ನೋಡಿಲ್ವಾ?" ಕ್ಷಮೆ ಕೇಳಲು ಹೋದವಳ ಬಾಯಿಂದ ಬಂದದ್ದು ಇದು!

"ನೋಡ್ದೆ."

"ಯಾವಾಗ?"

"ಬಂದ ತಕ್ಷಣ. ಆಮೇಲೆ... ಆಗಾಗ."

"ಆಗಾಗ ನೋಡೋಕೆ ಅದೇನು ಸಿನಿಮಾನಾ? ನೇರವಾಗಿ ಹೇಳಿ, ನನ್ನ ಮೇಲೆ ಕೋಪ ಅಲ್ವಾ? ಇರ್ಲಿ, ತಪ್ಪು ನಂದೇ. ಏನೂ ವಿಚಾರಿಸ್ದೆ ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಕ್ಷಮೆ ಕೇಳೋಕೇ ಬಂದೆ..."

"ಕೋಪಾನಾ?" ಅವನು ತಬ್ಬಿಬ್ಬಾದ. "ಆ ಕೂಟದಲ್ಲಿ ಜನ ಮುಗಿಬಿದ್ದು ಕಾರ್ಡ್ ಕೊಡ್ತಿದ್ರು. ಇವತ್ತೇನು ಎಲ್ಲರಿಗೂ ನನ್ನ ಮೇಲೆ ಇಷ್ಟು ಪ್ರೀತಿ ಅಂದ್ಕೊಂಡೆ! ಚೀಟಿ ಹಸಿರು ಅಂತ ಮನೆಗೆ ಹೋದ್ಮೇಲೆ ತಂಗಿ ಹೇಳಿದ್ಲು. ನೀವು ಮಾತಾಡ್ತಿದ್ರಲ್ಲ, ಬಣ್ಣ ಗೊತ್ತಾಗದವರು ಅಂತ... ನನ್ನ ಪರವಾಗಿ ಎಲ್ಲೋ ಯಾರೋ ಜಗಳ ಆಡಿದಾರೆ ಅಂತ ಅವತ್ತೇ ಗೊತ್ತಾಗಿದ್ದು. ಆ ಕೆಲಸ ನಿಮಗೆ ಸಿಗದೇ ಹೋಗಿದ್ರೆ ಕೋಪ ಬರ್ತಿತ್ತು."

"ಮತ್ತೆ ಯಾಕೆ ಒಪ್ಕೊಳ್ಳಲಿಲ್ಲ?"

ಅವನು ಫೋನಿನಲ್ಲಿ ಅವಳ ಪುಟ ತೆರೆದು ತೋರಿಸಿದ.

"ನಿಮ್ಮ ಬಳಗದಲ್ಲಿ ಐನೂರಕ್ಕೂ ಹೆಚ್ಚು ಜನ ಇದಾರೆ. ಹಳೇ ಬಾಸು, ಅವರ ಬಾಸು, ಯಾವಾಗ್ಲೋ ಒಂದ್ಸಲ ಕೈಕುಲುಕಿದವರು... ಒಪ್ಕೊಂಡ್ರೆ ನಾನೂ ಅವರಲ್ಲೊಬ್ಬ ಆಗ್ಬಿಡ್ತೀನಿ. ವರ್ಷಕ್ಕೊಂದು ಸಲ 'ಅಭಿನಂದನೆಗಳು' ಅಂತ ಕಳಿಸೋನು. ನನಗದು ಬೇಡ."

"ಮತ್ತೇನು ಬೇಕು?"

"ಹೇಳೋಕೆ ಹೆದರಿಕೆ ಆಗಿತ್ತು. ಕೆಲಸ ಇಲ್ಲದೋನು ಬಂದು ಪ್ರೀತಿ ಅಂದ್ರೆ, ಶಿಫಾರಸಿಗೆ ಬಂದಿದಾನೆ ಅಂದ್ಕೊಳ್ತೀರಿ. ನಮ್ಮ ಲೈನಲ್ಲಿ ಎಲ್ಲರೂ ಏನೋ ಒಂದು ಬೇಕಾಗೇ ತಾನೇ ಹತ್ತಿರ ಬರೋದು? ನಿನ್ನೆ ಒಂದು ಕೆಲಸ ಸಿಕ್ತು. ಸಣ್ಣದು. ಕಣ್ಣಿನ ವಿಷಯ ಮೊದಲೇ ಹೇಳಿ ತಗೊಂಡಿದ್ದು. ಇವತ್ತು ಸಂಜೆ ನಾನೇ ನಿಮ್ಮ ಆಫೀಸ್ ಹತ್ತಿರ ಬರೋನಿದ್ದೆ. ನೀವು ನನಗೆ ತುಂಬಾ ಇಷ್ಟ. ಬೇರೆ ಏನೂ ಬೇಡ ನನಗೆ."

ಇಷ್ಟು ದಿನ ಅವಳ ಎದೆಯೊಳಗೆ ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದದ್ದು ಆ ಕ್ಷಣಕ್ಕೆ ಒಂದು ಕಡೆ ಕೂತಿತು. ಕಣ್ಣು ತುಂಬಿಬಂತು. ಅವಳು ಫೋನ್ ತೆಗೆದಳು, ಅವನ ಪುಟಕ್ಕೆ ಹೋದಳು, ಬಾಕಿ ಇದ್ದ ಕೋರಿಕೆಯನ್ನು ಅವನ ಎದುರಿಗೇ ಅಳಿಸಿಹಾಕಿದಳು.

"ತಗೊಳ್ಳಿ, ವಾಪಸ್ ತಗೊಂಡೆ. ನನಗೂ ನೀವು ಅವರಲ್ಲೊಬ್ಬರಾಗೋದು ಬೇಡ," ಎಂದಳು. ಆಮೇಲೆ ತಲೆ ತಗ್ಗಿಸಿ, "ನನಗೂ ಇಷ್ಟ," ಎಂದಳು.

ಅವನು ಕೈ ಚಾಚಿದ. ಈ ಸಲ ಆ ಬೆರಳುಗಳು ಅತ್ತಿತ್ತ ಹೋಗಲಿಲ್ಲ. ನೇರವಾಗಿ ಅವಳ ಕೈಯನ್ನೇ ಹಿಡಿದುಕೊಂಡವು.

ಅವಳ ಫೋನ್ ಬಡಿದುಕೊಳ್ಳತೊಡಗಿತು. ಅಕ್ಕ! ಊಟ ಆಯಿತಾ ಎಂದು ಕೇಳಲು ದಿನಾ ಮಾಡುವ ಫೋನು.

"ಅಕ್ಕನ ಹತ್ರ ಸುಳ್ಳು ನಡೆಯಲ್ಲ," ಅವಳು ಕಣ್ಣೊರೆಸಿಕೊಂಡು ನಕ್ಕಳು. "ಯಾರ ಜೊತೆ ಇದೀಯ ಅಂತ ಕೇಳೇ ಕೇಳ್ತಾಳೆ. ಏನಂತ ಹೇಳ್ಲಿ?"

"ಏನಾದ್ರೂ ಹೇಳು. ಪರಿಚಯದವನು ಅಂತ ಮಾತ್ರ ಹೇಳ್ಬೇಡ."

ಅವಳು ಥಟ್ಟನೆ ತಲೆಯೆತ್ತಿದಳು. "ಏನಂದೆ?"

"ಅಯ್ಯೋ... ಹೇಳ್ಬೇಡಿ ಅಂತ..." ಅವನು ನಾಲಿಗೆ ಕಚ್ಚಿಕೊಂಡ.

"ಊಹೂಂ," ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. "ಮೊದಲು ಹೇಳಿದ್ದೇ ಇರ್ಲಿ."