ಎಡತೋಳು ಯಾರದು

ನನ್ನ ಗಂಡನ ಎಡತೋಳನ್ನು ನನಗಿಂತ ಹೆಚ್ಚು ಸಲ ಮುಟ್ಟಿದವಳು ಡಯಾಲಿಸಿಸ್ ವಾರ್ಡಿನ ನರ್ಸ್. ವಾರಕ್ಕೆ ಮೂರು ದಿನ, ಎರಡು ವರ್ಷದಿಂದ.

ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿದ ಫಿಸ್ಟುಲಾ ಇರುವುದು ಆ ತೋಳಿನಲ್ಲೇ. ಅವಳು ಅದರ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚುತ್ತಾಳೆ. ಒಳಗೆ ರಕ್ತ ಜುಮುಗುಡುತ್ತಿದ್ದರೆ ಇವರತ್ತ ನೋಡಿ ನಗುತ್ತಾಳೆ. ಇವರೂ ನಗುತ್ತಾರೆ. ಮನೆಯಲ್ಲಿ ನಾನು ಕೈ ಚಾಚಿದರೆ ಮಾತ್ರ, "ಬಿಡೇ, ಸಿಸ್ಟರ್ ನೋಡಿದ್ದಾರೆ" ಎಂದು ತೋಳಿನ ಬಟ್ಟೆ ಕೆಳಗೆಳೆದುಕೊಳ್ಳುತ್ತಾರೆ.

ಈ ಸಲ ಎರಡು ದಿನ ಬಿಡುವಿತ್ತು. ಸಿಟ್ಟಿಗೆ ನಾನು ಕೈ ಚಾಚಲೇ ಇಲ್ಲ.

ಮೂರನೆಯ ದಿನ ಅವಳು ಬೆರಳಿಟ್ಟಳು, ಎತ್ತಿದಳು, ಮತ್ತೆ ಇಟ್ಟಳು. "ಸರ್, ಜುಮುಗುಡ್ತಾನೇ ಇಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿದೆ."

ನಾನು ಮುಟ್ಟಿ ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಹಾಳು ಮುನಿಸು!

ಡಾಕ್ಟರ್ ಬಂದರು. "ಈ ನಾಳ ತೆರೆಯದಿದ್ರೆ ಡಯಾಲಿಸಿಸ್‌ಗೆ ಕುತ್ತಿಗೆಗೆ ನಳಿಕೆ ಹಾಕ್ಬೇಕಾಗುತ್ತೆ. ತೆರೆಯೋಕೆ ಎರಡು ದಾರಿ. ಹೆಪ್ಪು ಕರಗಿಸೋ ಔಷಧಿ ಬಿಡೋದು, ಇಲ್ಲಾ ಸಣ್ಣ ಉಪಕರಣ ತೂರಿಸಿ ಪುಡಿ ಮಾಡಿ ಹೀರೋದು. ಔಷಧಿಯಿಂದ ಬೇರೆಲ್ಲಾದ್ರೂ ರಕ್ತಸ್ರಾವ ಆಗ್ಬಹುದು, ಉಪಕರಣದಿಂದ ನಾಳಕ್ಕೆ ಪೆಟ್ಟು ಬೀಳ್ಬಹುದು. ಏನ್ಮಾಡೋಣ?"

ಇವರು ನನ್ನ ಕಡೆ ತಿರುಗಲೇ ಇಲ್ಲ. "ಸಿಸ್ಟರ್, ನೀವೇನಂತೀರಿ?"

ಹೊಟ್ಟೆಗೆ ಬೆಂಕಿ ಬಿತ್ತು.

"ಔಷಧಿನೇ ಒಳ್ಳೇದು ಸರ್. ಈ ತೋಳು ನಂಗೊತ್ತಲ್ಲ, ನಾಳ ತುಂಬ ನಾಜೂಕು."

"ಬೇಡ" ಎಂದೆ. ಎಲ್ಲರೂ ತಿರುಗಿದರು. "ತೋಳು ನಿಮಗೊತ್ತು ಸಿಸ್ಟರ್, ಹೊಟ್ಟೆ ನಂಗೊತ್ತು. ನಿನ್ನೆ ಮೊನ್ನೆ ಎರಡೂ ದಿನ ಟಾರಿನ ಹಾಗೆ ಕಪ್ಪಗೆ ಹೋಗಿದೆ. ಟಾಯ್ಲೆಟ್ ತೊಳೆಯೋಳು ನಾನೇ ತಾನೇ? ಕೇಳಿದ್ರೆ ಕಬ್ಬಿಣದ ಮಾತ್ರೆಯಿಂದ ಹಾಗೆ ಅಂದ್ರು. ಆ ಮಾತ್ರೆ ನಿಲ್ಲಿಸಿ ತಿಂಗಳಾಯ್ತು. ಇವತ್ತು ಹೇಳೋಣ ಅಂತಲೇ ಬಂದೆ."

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. "ಹೌದಾ?"

ಇವರು ಕಿವಿಯವರೆಗೂ ಕೆಂಪಾಗಿ ತಲೆಯಾಡಿಸಿದರು.

"ಹಾಗಾದ್ರೆ ಹೊಟ್ಟೆಯೊಳಗೆ ರಕ್ತ ಸೋರ್ತಿರಬಹುದು. ಅದನ್ನೂ ನೋಡೋಣ. ಔಷಧಿ ಮಾತೇ ಬೇಡ, ಉಪಕರಣವೇ."

"ತಿಂಡಿ ಏನು ಅನ್ನೋದ್ರಿಂದ ಹಿಡಿದು ಎಲ್ಲಾ ಹೇಳ್ತೀರಿ ಸರ್, ಇದೊಂದು ಬಿಟ್ಟು! ಅಕ್ಕಾ, ನೀವಿಲ್ದೇ ಇದ್ದಿದ್ರೆ..." ನರ್ಸ್ ಕಣ್ಣು ತುಂಬಿತು. ಇನ್ನು ಈ ಹುಡುಗಿಯ ಮೇಲೆ ಸಿಟ್ಟು ಮಾಡುವುದು ಕಷ್ಟವೆಂದು ನನಗೆ ಬೇಜಾರಾಯಿತು.

ಮಧ್ಯಾಹ್ನದ ಹೊತ್ತಿಗೆ ನಾಳ ತೆರೆದಿತ್ತು. ಇವರ ಪಕ್ಕ ಸ್ಟೂಲ್ ಎಳೆದು ಕೂತೆ.

"ಮನೇಲಿ ಯಾಕ್ರೀ ತೋಳು ಮುಟ್ಟೋಕೆ ಬಿಡಲ್ಲ?"

"ಗಂಟುಗಂಟಾಗಿ ಉಬ್ಬಿ ಅಸಹ್ಯವಾಗಿದೆ ಕಣೇ. ಅವರಿಗದು ಕೆಲಸ. ನಿನ್ನ ಕಣ್ಣಿಗೆ ಚೆನ್ನಾಗಿ ಕಾಣ್ಬೇಕು ಅಂತ ನಂಗೆ ಆಸೆ."

"ಈ ವಯಸ್ಸಲ್ಲಾ?"

"ಈ ವಯಸ್ಸಲ್ಲೇ."

ಅಳು, ನಗು ಒಟ್ಟಿಗೆ ಬಂತು. "ಆ ಸಿಸ್ಟರ್ ಮೇಲೆ ನಂಗೆ ಹೊಟ್ಟೆಕಿಚ್ಚು ರೀ. ಅದಕ್ಕೇ ಎರಡು ದಿನ ತೋಳು ನೋಡ್ಲಿಲ್ಲ. ತಪ್ಪು ನಂದು."

"ಹೊಟ್ಟೆಕಿಚ್ಚಾ? ನನ್ನ ವಿಷಯಕ್ಕಾ?" ಆ ಮುಖದಲ್ಲಿ ಎಂಥ ಹೆಮ್ಮೆ! "ಯಾವಾಗಿಂದ? ಸರಿಯಾಗಿ ಹೇಳು."

ಮೊದಲ ದಿನದಿಂದ ಹೇಳತೊಡಗಿದೆ. ಅವರು ಕಣ್ಣು ಮುಚ್ಚಿ, ನಡುನಡುವೆ "ಆಮೇಲೆ?" ಎನ್ನುತ್ತ ಕೇಳಿಸಿಕೊಂಡರು.