ಒಂದು ಸ್ಟಾಪ್ ಮೊದಲೇ ಇಳೀರಿ

ಮನೀಶ್ ಮೊದಲ ಸಲ ನನ್ನ ಕೌಂಟರಿಗೆ ಬಂದಾಗ ಅವನ ಶರ್ಟಿನ ಒಂದು ಗುಂಡಿ ತಪ್ಪು ತೂತಿನಲ್ಲಿತ್ತು. ಹೇಳಲೋ ಬೇಡವೋ ಎಂದು ಅದನ್ನೇ ನೋಡುತ್ತಾ ಕೂತೆ. ಅವನು ಬೇರೆ ಏನೋ ಅರ್ಥ ಮಾಡಿಕೊಂಡು ಕೂದಲು ಸರಿಮಾಡಿಕೊಂಡ.

"ಮೇಡಂ, ಪಡುಮಜಲಿಗೆ ಒಂದು ಸೀಟ್. ಪಹಲೀ ಬಾರ್, ಮೊದಲ ಸಲ ಹೋಗ್ತಾ ಇದ್ದೇನೆ. ಅಲ್ಲಿ ಹೇಗೆ ತಿರುಗೋದು?"

ಮುಂಬೈಯ ಮಲಾಡಿನಲ್ಲಿ ಹುಟ್ಟಿ ಬೆಳೆದವನ ಕನ್ನಡ. ಗೇರುಬೀಜದ ಫ್ಯಾಕ್ಟರಿಗಳ ಮೆಷಿನ್ ರಿಪೇರಿ ಅವನ ಕೆಲಸವಂತೆ.

ಚೆಂಬೂರಿನ ಈ ಬಸ್ ಬುಕಿಂಗ್ ಕೌಂಟರನ್ನು ಮೊದಲು ನಡೆಸುತ್ತಿದ್ದವರು ನನ್ನ ಅಪ್ಪ ಕೊರಗಪ್ಪ. ಪಡುಮಜಲು ಅವರ ಊರು, ಕಾರ್ಕಳದ ಕಡೆಯ ಚಿಕ್ಕ ಪೇಟೆ. ಒಂದು ಮಳೆಗಾಲದಲ್ಲಿ ಅಣ್ಣಂದಿರ ಜೊತೆ ಜಗಳವಾಡಿ ಬಂದವರು ಮತ್ತೆ ಹೋಗಲಿಲ್ಲ, ನನ್ನನ್ನೂ ಕಳಿಸಲಿಲ್ಲ. ಆದರೆ ದಾರಿ ಮಾತ್ರ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷ. ದಾರಿ ನನಗೆ ಬಾಯಿಪಾಠ. ಆ ಊರಿಗೆ ಹೋಗುವವರೆಲ್ಲ ಅಲ್ಲಿಯವರೇ ಆದ್ದರಿಂದ ಈವರೆಗೆ ಯಾರೂ ನನ್ನಲ್ಲಿ ಕೇಳಿರಲಿಲ್ಲ.

"ಬಸ್ ಸ್ಟ್ಯಾಂಡಿನಲ್ಲಿ ಇಳೀಬೇಡಿ. ಒಂದು ಸ್ಟಾಪ್ ಮೊದಲೇ, ದೂಪದ ಮರದ ಹತ್ತಿರ ಇಳೀರಿ. ಅಂಗಾರನ ರಿಕ್ಷಾ ಇರ್ತದೆ. ಸೇವಂತಿಯಕ್ಕನ ಹೋಟೆಲ್ ಅಂದ್ರೆ ಸಾಕು. ಗೋಳಿಬಜೆ ತಿಂದು ಅಲ್ಲಿಂದ ಎಲ್ಲಿಗೆ ಬೇಕಾದ್ರೂ ನಡ್ಕೊಂಡು ಹೋಗ್ಬಹುದು."

"ನೀವು ನಿನ್ನೆ ತಾನೇ ಬಂದ ಹಾಗೆ ಹೇಳ್ತೀರಿ."

"ನಾನು ಹೋಗೇ ಇಲ್ಲ."

ಅವನು ಕಿಟಕಿಗೆ ಇನ್ನಷ್ಟು ಬಗ್ಗಿದ. "ದಾರಿ ತಪ್ಪದೆ ವಾಪಸ್ ಬಂದ್ರೆ ನನ್ನ ಜೊತೆ ಒಂದು ಕಾಫಿ ಕುಡೀತೀರಾ?"

"ಮೊದಲು ಗುಂಡಿ ಸರಿಮಾಡ್ಕೊಳ್ಳಿ."

ಅವನ ಕಿವಿ ಕೆಂಪಾದದ್ದು ಬಸ್ಸು ಹೊರಟ ಮೇಲೂ ನನ್ನ ಕಣ್ಣಲ್ಲಿತ್ತು.

ಮೂರನೆಯ ದಿನ ನೇತ್ರಾ ಬಂದಳು. ಪಡುಮಜಲಿನವಳೇ, ಈಗ ನಮ್ಮ ಬಿಲ್ಡಿಂಗಿನಲ್ಲಿದ್ದಾಳೆ. ಊರಿಗೆ ಹೋಗಿ ಆಗಷ್ಟೇ ಬಂದಿದ್ದಳು. ಒಬ್ಬನಿಗೆ ಹೀಗೆ ದಾರಿ ಹೇಳಿದೆ ಎಂದು ಜಂಬದಿಂದ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು.

"ಎಂಥದು ಮಾರಾಯ್ತಿ ನಿನ್ನದು? ರಸ್ತೆ ಅಗಲ ಮಾಡುವಾಗ ಆ ಮರ ಹೋಯ್ತು, ಹೋಟೆಲೂ ಹೋಯ್ತು. ಸೇವಂತಿಯಕ್ಕ ಸತ್ತು ಹತ್ತು ವರ್ಷ. ಅಂಗಾರ ಅವಳಿಗಿಂತ ಮೊದಲೇ ಹೋದ. ಪಾಪ, ಆ ಮನುಷ್ಯ ಬಿಸಿಲಲ್ಲಿ ನಿಂತು ನಿನಗೆ ಬೈತಿರ್ಬೇಕು."

ಊರು ಬಿಟ್ಟವರ ಮನೆಯಲ್ಲಿ ಊರು ಬಿಟ್ಟ ದಿನದಲ್ಲೇ ನಿಂತಿರುತ್ತದೆ. ಅದನ್ನೇ ನಾನು ಟಿಕೆಟಿನ ಜೊತೆ ಕೊಟ್ಟುಬಿಟ್ಟಿದ್ದೆ. ಸೀಟುಗಳ ಚಾರ್ಟಿನಲ್ಲಿದ್ದ ಅವನ ನಂಬರಿಗೆ ಐದು ಸಲ ಫೋನ್ ಮಾಡಿದೆ. ಸಿಗಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಅವನೇ ಬಂದ. ಕಣ್ಣೆಲ್ಲ ನಗು.

"ಏಕದಂ ಪರ್ಫೆಕ್ಟ್, ಹರಿಣಿ ಮೇಡಂ. ಮರ ಅಷ್ಟು ದೊಡ್ಡದು, ಕೆಳಗೆ ಹೋದ್ರೆ ಕತ್ತಲೆ. ಅಂಗಾರ ಒಂದು ಮಾತೂ ಆಡಲಿಲ್ಲ, ತಿರುಗಿಯೂ ನೋಡಲಿಲ್ಲ. ಸೇವಂತಿಯಕ್ಕನದು ಮಾತ್ರ ಮಾತೇ ಮಾತು. ಬಿಸಿ ಗೋಳಿಬಜೆ, ಹೊರಗೆ ಜೋರು ಮಳೆ."

"ಮಾರ್ಚಿನಲ್ಲಿ?"

"ನನಗೂ ಆಶ್ಚರ್ಯ."

ಎಂಟು ದಿನದಿಂದ ಅವನ ದಾರಿ ಕಾದಿದ್ದೆ. ಆ ಕಾಫಿಗೆ ಯಾವ ಸೀರೆ ಉಡುವುದೆಂದೂ ನೋಡಿಟ್ಟಿದ್ದೆ. ಈಗ ಬಾಯೆಲ್ಲ ಕಹಿಯಾಯಿತು.

"ಮನೀಶ್, ನಿಮ್ಮ ಜೊತೆ ಬರ್ಬೇಕು ಅಂತಿದ್ದೆ. ಆದರೆ ನನ್ನನ್ನು ಖುಷಿಪಡಿಸ್ಲಿಕ್ಕೆ ಸುಳ್ಳು ಹೇಳೋರು ನನಗೆ ಬೇಡ. ಅವರಿಬ್ಬರೂ ಸತ್ತು ಎಷ್ಟೋ ವರ್ಷ ಆಯ್ತು. ಆ ಮರವೂ ಇಲ್ಲ."

ಅವನ ನಗು ಒಮ್ಮೆಲೇ ಹೋಗಲಿಲ್ಲ. ಮೊದಲು ತುಟಿಯಿಂದ, ನಿಧಾನವಾಗಿ ಕಣ್ಣಿನಿಂದ.

"ಹಾಗಾದ್ರೆ ನನಗೆ ಚಾ ಕೊಟ್ಟದ್ದು ಯಾರು?"

ಅದನ್ನು ಅವನು ನನ್ನನ್ನು ಕೇಳಿದ ಹಾಗಿರಲಿಲ್ಲ. ಪೇಪರಿನಲ್ಲಿ ಸುತ್ತಿದ ಉದ್ದನೆಯ ಕಟ್ಟೊಂದನ್ನು ಮುಂದಿಟ್ಟ.

"ಯಾರು ಕಳಿಸಿದ್ದು ಅಂತ ಸೇವಂತಿಯಕ್ಕ ಕೇಳಿದ್ರು. ಚೆಂಬೂರಿನ ಕೌಂಟರ್ ಅಂದೆ. ಕೊರಗಪ್ಪನ ಮಗಳಾ, ಅಂತ ಇದನ್ನ ಕೊಟ್ರು. ನಿಮ್ಮ ಅಪ್ಪನ ಹೆಸರು ನನಗೆ ಗೊತ್ತೇ ಇರ್ಲಿಲ್ಲ."

ಬೆತ್ತದ ಹಿಡಿಯ ಕಪ್ಪು ಕೊಡೆ. ಹೋಟೆಲಿನಲ್ಲಿ ಅದಲುಬದಲಾಗದ ಹಾಗೆ ನಮ್ಮ ಕಡೆ ಕೊಡೆಯ ಬಟ್ಟೆಗೆ ಬಿಳಿ ಪೈಂಟಿನಲ್ಲಿ ಹೆಸರು ಬರೆಸುತ್ತಾರೆ. ಅಂಚಿನಲ್ಲಿ ಬರೆದಿತ್ತು: ಕೊರಗಪ್ಪ, ಪಡುಮಜಲು.

ಊರು ಬಿಟ್ಟ ದಿನ ಅಪ್ಪ ಆ ಹೋಟೆಲಿನಲ್ಲಿ ಕೊಡೆ ಮರೆತು, ಮಳೆಯಲ್ಲಿ ತೊಯ್ದುಕೊಂಡೇ ಬಸ್ಸು ಹತ್ತಿದ್ದರು. ಪ್ರತಿ ಜೂನಿನಲ್ಲಿ ಅದನ್ನು ನನ್ನೊಬ್ಬಳ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಹೊರಗೆ ರಸ್ತೆ ಬಿಸಿಲಿಗೆ ಹೊಳೆಯುತ್ತಿತ್ತು. ಕೊಡೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಚಾರ್ಟಿನ ಮೇಲಿನ ಹೆಸರುಗಳು ಒಂದೊಂದಾಗಿ ಕದಡಿಹೋದವು.

"ಮತ್ತೇನು ಹೇಳಿದ್ರು?"

"ಹುಡುಗಿ ಒಬ್ಬಳೇ ಬರುವುದು ಬೇಡ, ನೀನು ಕರ್ಕೊಂಡು ಬಾ. ಇಬ್ಬರಿಗೂ ಚಾ ಇಟ್ಟಿರ್ತೇನೆ, ಅಂದ್ರು."

ಅವನು ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದ. ಇವತ್ತು ಗುಂಡಿಗಳೆಲ್ಲ ಸರಿಯಾಗಿದ್ದವು. ಅವನ ಕೈಯ ಮೇಲೆ ಕೈ ಇಟ್ಟೆ.

"ಹೆದರಿಕೆಯಾ?"

"ಹೌದು. ನಿಮಗೆ?"

"ನನಗೂ. ಆದರೆ ನಿಮ್ಮ ಮೇಲೆ ಈಗ ಸಂಶಯ ಇಲ್ಲ."

ನೀರು ತಾಗದ ಹೊಸ ಚಾರ್ಟ್ ತೆಗೆದು ಶುಕ್ರವಾರದ ಬಸ್ಸಿನ ಏಳು ಮತ್ತು ಎಂಟನೆಯ ಸೀಟಿಗೆ ನಮ್ಮಿಬ್ಬರ ಹೆಸರು ಬರೆದೆ. ಅವನು ಎರಡೂ ಹೆಸರುಗಳನ್ನು ತಲೆಕೆಳಗಾಗಿಯೇ ಓದಿಕೊಂಡ.

"ಇಳಿಯೋದು ಎಲ್ಲಿ?"

"ಒಂದು ಸ್ಟಾಪ್ ಮೊದಲೇ."

"ಮತ್ತೆ ನನ್ನ ಕಾಫಿ?"

"ಅದು ವಾಪಸ್ ಬಂದ ಮೇಲೆ."

ಅಪ್ಪ ಹೇಳಿಕೊಟ್ಟ ದಾರಿಯಲ್ಲಿ ವಾಪಸ್ ಬರುವುದೊಂದು ಇರಲೇ ಇಲ್ಲ. ಭಾನುವಾರದ ಚಾರ್ಟ್ ಎಳೆದುಕೊಂಡು, ಪಡುಮಜಲಿನಿಂದ ಚೆಂಬೂರಿಗೆ ಅಕ್ಕಪಕ್ಕದ ಎರಡು ಸೀಟು ಬರೆದೆ. ಅಳಿಸಿಹೋಗದ ಹಾಗೆ, ಒತ್ತಿ ಬರೆದೆ.